ದೂರು ಹೇಳಿದ ಭಕ್ತೆ

ಕಥೋಲಿಕ ಧರ್ಮಸಭೆಯ ಸಂತರ ಪಟ್ಟಿಯಲ್ಲಿ ಕನ್ಯಾಸ್ತ್ರೀಯರಿದ್ದಾರೆ, ಮಠ ಕಟ್ಟಿದವರಿದ್ದಾರೆ, ಧರ್ಮಕ್ಕಾಗಿ ಪ್ರಾಣ ಕೊಟ್ಟವರಿದ್ದಾರೆ. ಗಂಡ, ಮಕ್ಕಳು, ಮನೆವಾರ್ತೆಯ ನಡುವೆ ಇದ್ದು ಅಲ್ಲೇ ತೀರಿಕೊಂಡ ಹೆಂಗಸರು ಮಾತ್ರ ತೀರ ವಿರಳ. ಮದುವೆಯಾದವರು ಇಲ್ಲವೆಂದಲ್ಲ. ಹಂಗೆರಿಯ ಎಲಿಜಬೆತ್ ಇದ್ದಾಳೆ, ಸ್ವೀಡನ್ನಿನ ಬ್ರಿಜಿಟ್ ಇದ್ದಾಳೆ. ಆದರೆ ಗಂಡ ತೀರಿಹೋದ ಮೇಲೆ ಅವರು ಆರಿಸಿಕೊಂಡ ವೈರಾಗ್ಯವೇ ಅವರ ಹಿರಿಮೆಗೆ ಮುಖ್ಯ ಸಾಕ್ಷಿಯಾಯಿತು. ಸಂಸಾರ ಅವರು ದಾಟಿ ಬಂದ ಹಂತ, ಅಷ್ಟೆ.

ಫ್ರಾನ್ಸಿನ ನಾರ್ಮಂಡಿ ಪ್ರಾಂತ್ಯದ ಅಲಾನ್ಸೋನ್ ಎಂಬ ಸಣ್ಣ ಊರಿನ ಝೇಲಿ ಮಾರ್ಟಿನ್ ಏನನ್ನೂ ದಾಟಿ ಬರಲಿಲ್ಲ. 1877ರ ಆಗಸ್ಟ್ 28ರಂದು, ನಡುರಾತ್ರಿ ಕಳೆದು ಅರ್ಧ ಗಂಟೆಗೆ, ಸ್ತನ ಕ್ಯಾನ್ಸರಿನಿಂದ ಸತ್ತಾಗ ಆಕೆಗೆ 45 ವರ್ಷ. ಗಂಡ ಬದುಕಿದ್ದ. ಐದು ಹೆಣ್ಣುಮಕ್ಕಳಿದ್ದರು, ಕೊನೆಯವಳಿಗೆ ನಾಲ್ಕೂವರೆ ವರ್ಷ. ಆ ಕೊನೆಯವಳೇ ಮುಂದೆ ಲಿಸಿಯೂವಿನ ಸಂತ ತೆರೇಸ ಎನಿಸಿಕೊಂಡಳು. ಕಂದು ಉಡುಪು ತೊಟ್ಟು, ತೋಳಿನಲ್ಲಿ ಶಿಲುಬೆ, ಗುಲಾಬಿಗಳನ್ನು ಹಿಡಿದ ಅವಳ ಪ್ರತಿಮೆ ಕರ್ನಾಟಕದ ಎಷ್ಟೋ ಚರ್ಚುಗಳಲ್ಲಿ ಇದೆ. ಕೊಲ್ಕತ್ತದ ಮದರ್ ತೆರೇಸಾ ತಮ್ಮ ಸನ್ಯಾಸದ ಹೆಸರನ್ನು ತೆಗೆದುಕೊಂಡದ್ದು ಅವಳಿಂದ. 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸ್ ಅವರು ಝೇಲಿ ಮತ್ತು ಆಕೆಯ ಗಂಡ ಲೂಯಿ ಇಬ್ಬರನ್ನೂ ಒಟ್ಟಿಗೆ ಸಂತರೆಂದು ಸಾರಿದರು. ಗಂಡಹೆಂಡಿರು ಜೋಡಿಯಾಗಿ ಸಂತ ಪದವಿ ಪಡೆದದ್ದು ಅದೇ ಮೊದಲು.

ಇಂಥ ಹೆಂಗಸಿನ ಬಗ್ಗೆ ಏನು ಹೇಳುತ್ತಾರೆಂದು ನಮಗೆಲ್ಲ ಗೊತ್ತು. ದೈವಭಕ್ತೆ, ಪತಿವ್ರತೆ, ಮಕ್ಕಳಿಗಾಗಿ ಜೀವ ತೇಯ್ದವಳು, ಎಷ್ಟೇ ಕಷ್ಟ ಬಂದರೂ ತುಟಿ ಪಿಟಕ್ಕೆನ್ನದವಳು. ನಮ್ಮ ಪತ್ರಿಕೆಗಳ ಶ್ರದ್ಧಾಂಜಲಿ ಪುಟದಲ್ಲಿ 'ಸಹನಾಮೂರ್ತಿ' ಎಂಬ ಬಿರುದು ಹೊತ್ತ ತಾಯಂದಿರ ಸಾಲುಸಾಲು ಚಿತ್ರಗಳನ್ನು ನೋಡಿದವರಿಗೆ ಈ ಭಾಷೆ ಪರಕೀಯವಲ್ಲ. ಝೇಲಿಯ ಮಟ್ಟಿಗೆ ಈ ಹೊಗಳಿಕೆಯ ಕೊನೆಯ ಮಾತು ಸುಳ್ಳು. ಆಕೆ ತುಟಿ ಬಿಗಿದುಕೊಂಡು ಕೂತವಳಲ್ಲ. ತನ್ನ ತಲೆನೋವು, ದಣಿವು, ಸಾಲದ ವಸೂಲಿ, ಹಿಡಿತಕ್ಕೆ ಬಾರದ ಮಗಳು, ನಂಬಿಕೆ ಹುಟ್ಟಿಸದ ವೈದ್ಯರು, ಎಲ್ಲವನ್ನೂ ಕಾಗದದಲ್ಲಿ ಬರೆದು ತಮ್ಮನಿಗೆ, ನಾದಿನಿಗೆ, ಹೆಣ್ಣುಮಕ್ಕಳಿಗೆ ಕಳಿಸುತ್ತಿದ್ದಳು. ಅಂಥ ಇನ್ನೂರಕ್ಕೂ ಹೆಚ್ಚು ಪತ್ರಗಳು ಉಳಿದುಬಂದಿವೆ. ಅವನ್ನು ಓದಿದ ಮೇಲೆ ನನಗೆ ಖಚಿತವಾದದ್ದು ಇಷ್ಟು: ಭಕ್ತಿ ಆಕೆಯನ್ನು ಮೂಕಳನ್ನಾಗಿ ಮಾಡಲಿಲ್ಲ. ಭಕ್ತೆಯನ್ನು ಮೂಕಳನ್ನಾಗಿ ಮಾಡುವುದು ಆಕೆ ಸತ್ತ ಮೇಲೆ ನಾವು ಆಡುವ ಮಾತು.

ಝೇಲಿ ಹುಟ್ಟಿದ್ದು 1831ರ ಡಿಸೆಂಬರಿನಲ್ಲಿ. ಅಪ್ಪ ಸೈನ್ಯದಲ್ಲಿದ್ದು ಆಮೇಲೆ ಪೊಲೀಸ್ ಕೆಲಸಕ್ಕೆ ಬಂದವನು. ಅಮ್ಮ ಕಠಿಣ ಸ್ವಭಾವದವಳು. ಆಡಲು ಒಂದು ಗೊಂಬೆಯೂ ಸಿಗದ ಬಾಲ್ಯ ತನ್ನದೆಂದು ಆಕೆಯೇ ಬರೆದುಕೊಂಡಿದ್ದಾಳೆ. ಅಲಾನ್ಸೋನಿನ ಆಸ್ಪತ್ರೆಯಲ್ಲಿ ರೋಗಿಗಳ ಸೇವೆ ಮಾಡುತ್ತಿದ್ದ ಕನ್ಯಾಸ್ತ್ರೀಯರ ಸಂಘ ಸೇರಬೇಕೆಂಬ ಆಸೆ ಇತ್ತು. ಅಲ್ಲಿನ ಮುಖ್ಯಸ್ಥೆ ಒಪ್ಪಲಿಲ್ಲ. ಮಠದ ಬಾಗಿಲು ಮುಚ್ಚಿದ ಮೇಲೆ ಆಕೆ ಮಾಡಿದ ಪ್ರಾರ್ಥನೆ ಮಕ್ಕಳಿಗಾಗಿ ಮತ್ತು ಕಸುಬಿಗಾಗಿ. ಯಾವ ಕೆಲಸ ಹಿಡಿಯಲಿ ಎಂದು ದೇವಮಾತೆಯನ್ನು ಕೇಳಿದಾಗ, ಅಲಾನ್ಸೋನ್ ಲೇಸ್ ಮಾಡಿಸು ಎಂಬ ಮಾತು ಒಳಗೆ ಕೇಳಿಸಿತೆಂದು ಆಕೆ ನಂಬಿದ್ದಳು. ಗಮನಿಸಬೇಕು, ಮಾಡು ಎಂದಲ್ಲ, ಮಾಡಿಸು ಎಂದು. 1853ರಲ್ಲಿ, ಇನ್ನೂ ಇಪ್ಪತ್ತೆರಡು ತುಂಬದ ಹುಡುಗಿ ತನ್ನದೇ ವ್ಯವಹಾರ ಆರಂಭಿಸಿದಳು.

ಈ ಲೇಸಿನ ಬಗ್ಗೆ ತುಸು ಹೇಳಲೇಬೇಕು, ಯಾಕೆಂದರೆ ಝೇಲಿಯ ದಿನಗಳು ಕಳೆದದ್ದು ಅದರಲ್ಲಿ. ಹದಿನೇಳನೆಯ ಶತಮಾನದಿಂದ ನಡೆದುಬಂದ ಸೂಜಿಯ ಕಸುಬು ಅದು. ತೊಗಲಿನ ಹಾಳೆಯ ಮೇಲೆ ಚಿತ್ರದ ಗೆರೆಯುದ್ದಕ್ಕೂ ಚುಚ್ಚುತ್ತಾರೆ, ಆ ಗೆರೆಗೆ ದಾರ ಕೂರಿಸುತ್ತಾರೆ, ಹಿನ್ನೆಲೆಯ ಜಾಲ ಹೆಣೆಯುತ್ತಾರೆ, ಎಲೆ ಹೂಗಳನ್ನು ತುಂಬುತ್ತಾರೆ, ಅಂಚಿಗೆ ಕುದುರೆಯ ಕೂದಲಿಟ್ಟು ಅದರ ಮೇಲೆ ಒತ್ತಾಗಿ ಹೊಲಿಯುತ್ತಾರೆ, ಕೊನೆಗೆ ಹಾಳೆಯಿಂದ ಬಿಡಿಸುತ್ತಾರೆ. ಒಂದೊಂದು ಹಂತಕ್ಕೆ ಒಬ್ಬೊಬ್ಬ ಕುಶಲಿ. ಒಂದು ಚದರ ಸೆಂಟಿಮೀಟರ್ ಲೇಸಿಗೆ ಏಳು ಗಂಟೆಯ ದುಡಿಮೆ ಬೇಕು, ಪೂರ್ತಿ ಕಲಿಯಲು ಏಳರಿಂದ ಹತ್ತು ವರ್ಷ. 2010ರಲ್ಲಿ ಯುನೆಸ್ಕೋ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಝೇಲಿಯ ಹೆಣ್ಣಾಳುಗಳು ತಮ್ಮ ತಮ್ಮ ಮನೆಯಲ್ಲಿ ಹೆಣೆದ ತುಂಡುಗಳನ್ನು ಗುರುವಾರ ಆಕೆಯ ಮನೆಗೆ ತಂದೊಪ್ಪಿಸುತ್ತಿದ್ದರು. ಹೊಸ ಕೆಲಸ ಹಂಚುವುದು, ಕೂಲಿ ಕೊಡುವುದು, ಪ್ಯಾರಿಸ್ಸಿನ ವ್ಯಾಪಾರಿಗಳಿಗೆ ಲೆಕ್ಕ ಒಪ್ಪಿಸುವುದು ಆಕೆಯ ಪಾಲು. ಜೊತೆಗೆ ಎಲ್ಲಕ್ಕಿಂತ ಸೂಕ್ಷ್ಮವಾದ ಕೊನೆಯ ಹಂತವನ್ನು ಆಕೆ ಯಾರಿಗೂ ಬಿಡದೆ ಕಿಟಕಿಯ ಬಳಿ ಕೂತು ತಾನೇ ಮಾಡುತ್ತಿದ್ದಳು: ಬೇರೆ ಬೇರೆ ಕೈಗಳಿಂದ ಬಂದ ತುಂಡುಗಳನ್ನು ಜೋಡಣೆ ಕಾಣದಂತೆ ಸೇರಿಸುವ ಹೊಲಿಗೆ.

ಮದುವೆ 1858ರ ಜುಲೈ 13ರ ನಡುರಾತ್ರಿ ಆಯಿತು. ವರ ಲೂಯಿ ಮಾರ್ಟಿನ್ ಗಡಿಯಾರ ರಿಪೇರಿಯವನು, ತಾನೂ ಯೌವನದಲ್ಲಿ ಮಠ ಸೇರಲು ಹೋಗಿ ಲ್ಯಾಟಿನ್ ಬಾರದೆಂದು ಹಿಂದಿರುಗಿದವನು. ಮೊದಲ ಹತ್ತು ತಿಂಗಳು ಇಬ್ಬರೂ ಅಣ್ಣತಂಗಿಯಂತೆ ಬಾಳಿದರು. ಪಾಪನಿವೇದನೆ ಕೇಳುತ್ತಿದ್ದ ಗುರುಗಳ ಸಲಹೆಯ ಮೇಲೆ ಆ ವ್ರತ ಬಿಟ್ಟರು. ಭಕ್ತಿಯ ಚರಿತ್ರೆಗಳು ಆ ಹತ್ತು ತಿಂಗಳನ್ನು ವಿಶೇಷವಾಗಿ ಎತ್ತಿ ಹೇಳುತ್ತವೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1870ರ ಸಂಗತಿ. ಹೆಂಡತಿಯ ಲೇಸ್ ವ್ಯವಹಾರ ಬೆಳೆಯುತ್ತಿದೆ, ಒಬ್ಬಳ ಕೈಯಲ್ಲಿ ತೂಗುತ್ತಿಲ್ಲ ಎಂದು ಕಂಡು ಲೂಯಿ ತನ್ನ ಗಡಿಯಾರದ ಅಂಗಡಿಯನ್ನು ಸೋದರಳಿಯನಿಗೆ ಮಾರಿ, ಆಕೆಯ ವ್ಯವಹಾರದ ಓಡಾಟಕ್ಕೆ ನಿಂತುಬಿಟ್ಟ. ಹತ್ತೊಂಬತ್ತನೆಯ ಶತಮಾನದ ಒಂದು ಫ್ರೆಂಚ್ ಸಣ್ಣ ಊರಿನಲ್ಲಿ, ಕಟ್ಟಾ ಸಂಪ್ರದಾಯದ ಮನೆಯಲ್ಲಿ, ಹೆಂಡತಿಯ ಕಸುಬಿಗಾಗಿ ಗಂಡ ತನ್ನ ಕಸುಬು ಬಿಟ್ಟ. ಇದನ್ನು ಸಂತ ಪದವಿಯ ಪ್ರವಚನಗಳಲ್ಲಿ ಒತ್ತಿ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು!

ಮಕ್ಕಳು ಒಂಬತ್ತು. ಉಳಿದದ್ದು ಐದು. ಮಿಷನರಿಯಾಗುವ ಗಂಡುಮಗು ಬೇಕೆಂದು ಸಂತ ಜೋಸೆಫರಿಗೆ ಹರಕೆ ಹೊತ್ತು ಪಡೆದ ಇಬ್ಬರು ಗಂಡುಮಕ್ಕಳು ಒಂದು ವರ್ಷವನ್ನೂ ಕಾಣಲಿಲ್ಲ. 1870ರ ಫೆಬ್ರವರಿಯಲ್ಲಿ ಐದು ವರ್ಷದ ಎಲೆನ್ ಹೋದಳು. ಅದೇ ವರ್ಷ ಹುಟ್ಟಿದ ಮತ್ತೊಂದು ಹೆಣ್ಣುಮಗುವನ್ನು ಹಾಲೂಡಿಸಲು ದಾದಿಯ ಮನೆಯಲ್ಲಿ ಬಿಟ್ಟರೆ, ಅವಳು ಹೊಟ್ಟೆಗೆ ಸರಿಯಾಗಿ ಕೊಡದೆ ಎರಡೇ ತಿಂಗಳಲ್ಲಿ ಕೂಸು ಸತ್ತಿತು. ಎಲೆನ್ ಸತ್ತಾಗಿನ ಪತ್ರಗಳನ್ನು ಓದುವುದು ಸುಲಭವಲ್ಲ. ತಾನು ಏನು ತಿನ್ನಿಸಿದೆ, ವೈದ್ಯ ಏನು ಹೇಳಿದ, ಮಗು ಯಾವ ಮಾತಾಡಿತು ಎಂದು ಮತ್ತೆ ಮತ್ತೆ ನೆನೆದು ತನ್ನನ್ನೇ ವಿಚಾರಣೆಗೆ ಒಡ್ಡಿಕೊಳ್ಳುವ ತಾಯಿ ಅಲ್ಲಿದ್ದಾಳೆ.

ಇಲ್ಲಿ ವಿಚಾರವಂತರ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಮಕ್ಕಳು ಹುಟ್ಟದಿದ್ದರೇ ಒಳ್ಳೆಯದಿತ್ತಲ್ಲವೇ ಎಂದು ಜನ ಕೇಳಿದಾಗ ಝೇಲಿಗೆ ಆ ಮಾತು ಸಹಿಸಲಾಗಲಿಲ್ಲ. ತನ್ನ ಮಕ್ಕಳು ಕಳೆದುಹೋಗಿಲ್ಲ, ಮೇಲೆ ಮತ್ತೆ ಸಿಗುತ್ತಾರೆ ಎಂಬುದು ಆಕೆಯ ಉತ್ತರ. ಇದು ನೋವನ್ನು ಮರಗಟ್ಟಿಸುವ ಮದ್ದಲ್ಲವೇ? ಇಂಥ ನಂಬಿಕೆಯೇ ಹೆಂಗಸರನ್ನು ಸಹಿಸುತ್ತ ಕೂರಲು ಕಲಿಸಿದ್ದಲ್ಲವೇ? ಪ್ರಶ್ನೆ ನ್ಯಾಯವಾದದ್ದು. ಎಷ್ಟೋ ಮನೆಗಳಲ್ಲಿ, ಎಷ್ಟೋ ಧರ್ಮಗಳಲ್ಲಿ ಹಾಗೇ ಆಗಿದೆ. ಆದರೆ 1873ರ ಮಾರ್ಚಿನಲ್ಲಿ ಝೇಲಿ ಏನು ಮಾಡಿದಳೆಂದು ನೋಡಿ. ಎರಡು ತಿಂಗಳ ತೆರೇಸ ಕರುಳಬೇನೆಯಿಂದ ಸಾಯುವ ಸ್ಥಿತಿಯಲ್ಲಿದ್ದಳು. ಎದೆಹಾಲೊಂದೇ ದಾರಿ ಎಂದರು ವೈದ್ಯರು. ಝೇಲಿಯ ಎದೆಯಲ್ಲಿ ಹಾಲಿರಲಿಲ್ಲ. ಬೆಳಗಿನ ಜಾವ ಒಬ್ಬಳೇ ಹೊರಟು ಸೆಮಾಲೆ ಎಂಬ ಹಳ್ಳಿಗೆ ಸುಮಾರು ಎಂಟು ಕಿಲೋಮೀಟರ್ ನಡೆದು, ಹಿಂದೆ ಮಗನಿಗೆ ಹಾಲೂಡಿಸಿದ್ದ ರೋಸ್ ತಾಯೆ ಎಂಬ ರೈತ ಹೆಂಗಸನ್ನು ಕರೆತಂದಳು. ಕೂಸನ್ನು ನೋಡಿದ ರೋಸ್ ಇನ್ನು ಪ್ರಯೋಜನವಿಲ್ಲವೆಂಬಂತೆ ತಲೆಯಾಡಿಸಿದಾಗ ಝೇಲಿ ಮಹಡಿಗೆ ಹೋಗಿ ಮೊಣಕಾಲೂರಿದಳು. ಕೆಳಗಿಳಿದು ಬಂದಾಗ ಕೂಸು ಹಾಲು ಕುಡಿಯುತ್ತಿತ್ತು. ಮೊದಲು ನಡಿಗೆ, ಆಮೇಲೆ ಪ್ರಾರ್ಥನೆ. ಸ್ವರ್ಗದ ಮೇಲೆ ಅಷ್ಟು ನಂಬಿಕೆಯಿದ್ದವಳು ಈ ಮಗುವನ್ನು ಸ್ವರ್ಗಕ್ಕೆ ಬಿಟ್ಟುಕೊಡಲು ಸುತರಾಂ ಸಿದ್ಧಳಿರಲಿಲ್ಲ.

ಇದೇ ಸ್ವಭಾವ ಆಕೆಯ ಕಾಯಿಲೆಯ ಕಥೆಯಲ್ಲೂ ಇದೆ. ಅದಕ್ಕೆ ತುಸು ಹಿಂದೆ ಹೋಗಬೇಕು. 1865ರ ಏಪ್ರಿಲಿನಲ್ಲಿ, 33ನೆಯ ವಯಸ್ಸಿನಲ್ಲಿ, ಔಷಧ ಶಾಸ್ತ್ರ ಓದಲು ಪ್ಯಾರಿಸ್ಸಿಗೆ ಹೋಗಿದ್ದ ತಮ್ಮ ಇಸಿದೋರನಿಗೆ ಝೇಲಿ ಒಂದು ಪತ್ರ ಬರೆದಳು. ಹುಡುಗಿಯಾಗಿದ್ದಾಗ ಮೇಜಿನ ಮೂಲೆ ಎದೆಗೆ ತಾಗಿತ್ತು, ಆಗ ಯಾರೂ ಲಕ್ಷ್ಯ ಕೊಡಲಿಲ್ಲ, ಈಗ ಅಲ್ಲಿ ಗಂಟಾಗಿದೆ, ನೋಯಲು ಶುರುವಾಗಿದೆ ಎಂದು ತಿಳಿಸಿದಳು. ಶಸ್ತ್ರಚಿಕಿತ್ಸೆಗೆ ತಾನು ಪೂರ್ತಿ ಸಿದ್ಧ, ಆದರೆ ಇಲ್ಲಿನ ವೈದ್ಯರಲ್ಲಿ ಪೂರ್ಣ ವಿಶ್ವಾಸವಿಲ್ಲ, ನೀನು ಪ್ಯಾರಿಸ್ಸಿನಲ್ಲಿರುವಾಗಲೇ ಏನಾದರೂ ಆಗಬಹುದೇ ನೋಡು ಎಂದು ಕೇಳಿದಳು.

ಈ ಪತ್ರದ ಧೈರ್ಯ ಅಳೆಯಲು ಕಾಲವನ್ನು ನೆನೆಯಬೇಕು. ಶಸ್ತ್ರಚಿಕಿತ್ಸೆಯಲ್ಲಿ ಕ್ರಿಮಿನಾಶಕ ಬಳಸುವ ಬಗ್ಗೆ ಜೋಸೆಫ್ ಲಿಸ್ಟರ್ ತನ್ನ ಪ್ರಬಂಧ ಪ್ರಕಟಿಸಿದ್ದು 1867ರಲ್ಲಿ, ಅಂದರೆ ಎರಡು ವರ್ಷಗಳ ನಂತರ. ಗಾಯ ಕೀವಾಗಿ ಸಾಯುವುದು ಅಂದು ಮಾಮೂಲು. ಸ್ತನದ ಬಗ್ಗೆ ಮಾತಾಡಲೇ ಹೆಂಗಸರು ಅಳುಕುತ್ತಿದ್ದ ದಿನಗಳಲ್ಲಿ, ನಿತ್ಯ ಬೆಳಗಿನ ಐದೂವರೆಯ ಪೂಜೆಗೆ ಹೋಗುತ್ತಿದ್ದ ಒಬ್ಬ ಗೃಹಿಣಿ ತನ್ನ ದೇಹದಲ್ಲಿ ಏನಾಗುತ್ತಿದೆಯೆಂದು ತಮ್ಮನಿಗೆ ನೇರವಾಗಿ ಬರೆಯುತ್ತಾಳೆ, ಕತ್ತರಿಸಿದರೂ ಸರಿ ಎನ್ನುತ್ತಾಳೆ. ದೇವರ ಚಿತ್ತ ಎಂದು ಕೈಕಟ್ಟಿ ಕೂತವಳ ಮಾತೇ ಇದು?

ಶಸ್ತ್ರಚಿಕಿತ್ಸೆ ನಡೆಯಲಿಲ್ಲ. ಪತ್ರ ಬರೆದ ಎರಡು ತಿಂಗಳಲ್ಲಿ ಮಾವ ತೀರಿಕೊಂಡ. ಮರುವರ್ಷದ ಹೊತ್ತಿಗೆ ತಮ್ಮ ಲಿಸಿಯೂವಿನಲ್ಲಿ ಔಷಧದಂಗಡಿ ಹಿಡಿದಿದ್ದ. ಆ ಗಂಟು ಮೈಯಲ್ಲಿರುವಾಗಲೇ ಝೇಲಿ ಇನ್ನೂ ಐದು ಮಕ್ಕಳನ್ನು ಹೆತ್ತಳು, ಅವರಲ್ಲಿ ಮೂವರನ್ನು ಮಣ್ಣಿಗಿಟ್ಟಳು. 1870–71ರ ಯುದ್ಧದಲ್ಲಿ ಪ್ರಷ್ಯನ್ ಸೈನಿಕರು ಮನೆಯಲ್ಲೇ ಬೀಡುಬಿಟ್ಟಾಗ ಅವರಿಗೂ ಬೇಯಿಸಿ ಹಾಕಬೇಕಾಯಿತು. ಲೇಸಿನ ಆರ್ಡರ್ ಒಮ್ಮೆ ಮೈಮೇಲೆ ಬಿದ್ದಂತೆ ಬರುತ್ತಿತ್ತು, ಒಮ್ಮೆ ಬತ್ತಿಹೋಗುತ್ತಿತ್ತು. ಈ ದರಿದ್ರ ಲೇಸೇ ತನ್ನ ಬಾಳನ್ನು ಕಷ್ಟಕ್ಕೆ ನೂಕಿದೆ ಎಂಬರ್ಥದಲ್ಲಿ ಆಕೆ ಬೇಸತ್ತು ಬರೆದದ್ದುಂಟು. ಹನ್ನೊಂದು ವರ್ಷ ಆ ಗಂಟು ಮನೆಗೆಲಸದ ಸಾಲಿನಲ್ಲಿ ಹಿಂದೆ ಸರಿಯುತ್ತ ಹೋಯಿತು. ಆಕೆ ದೇವರ ಮೇಲೆ ಭಾರ ಹಾಕಿದ್ದರಿಂದ ಹೀಗಾಯಿತೆಂದು ನಾನು ಒಪ್ಪಲಾರೆ. ಮನೆಯ ಭಾರವೆಲ್ಲ ಆಕೆಯ ಮೇಲಿದ್ದದ್ದರಿಂದ ಹೀಗಾಯಿತು. ಇವೆರಡರ ವ್ಯತ್ಯಾಸವನ್ನು ಮರೆಸುವುದೇ ಸಹನೆಯ ಗುಣಗಾನ ಮಾಡುವ ದೊಡ್ಡ ಕೇಡು. ಭಾರತದಲ್ಲಿ ಇಂದಿಗೂ ಬಹಳಷ್ಟು ಹೆಂಗಸರ ಸ್ತನ ಕ್ಯಾನ್ಸರ್ ಪತ್ತೆಯಾಗುವುದು ಮುಂದುವರಿದ ಹಂತದಲ್ಲಿ. ಮಗಳ ಪರೀಕ್ಷೆ ಮುಗಿಯಲಿ, ಮನೆಯ ಮದುವೆ ಆಗಲಿ, ಸುಗ್ಗಿ ಕಳೆಯಲಿ ಎಂದು ಮುಂದೂಡಿದ ಗಂಟುಗಳ ಕಥೆ ಕೇಳದ ಕನ್ನಡ ಮನೆ ಇರಲಾರದು.

1876ರ ಡಿಸೆಂಬರಿನಲ್ಲಿ ನೋವು ತಡೆಯಲಾಗದೆ ಝೇಲಿ ಊರಿನ ವೈದ್ಯರ ಬಳಿ ಹೋದಳು. ಗಂಭೀರವಾದ ಗಡ್ಡೆ ಎಂದ ವೈದ್ಯ ಒಂದು ಔಷಧಚೀಟಿ ಬರೆದುಕೊಟ್ಟ. ಇದರಿಂದ ಏನು ಉಪಯೋಗ ಎಂದು ಆಕೆ ಕೇಳಿದಳು. ಏನೂ ಇಲ್ಲ, ರೋಗಿಗಳ ಸಮಾಧಾನಕ್ಕೆ ಕೊಡುತ್ತೇವೆ ಎಂಬ ಉತ್ತರ ಬಂತು. ಈ ಸಂಭಾಷಣೆಯನ್ನು ಆಕೆ ಹಾಗೆಹಾಗೇ ಪತ್ರದಲ್ಲಿ ದಾಖಲಿಸಿದ್ದಾಳೆ. ಮನೆಗೆ ಬಂದು ಎಲ್ಲರಿಗೂ ವಿಷಯ ಹೇಳಿಬಿಟ್ಟಳು, ಮನೆಯೆಲ್ಲ ಅಳುವಾಯಿತು. ತಮ್ಮನ ಮೂಲಕ ಲಿಸಿಯೂವಿಗೆ ಹೋಗಿ ಅಲ್ಲಿನ ಹೆಸರಾಂತ ಶಸ್ತ್ರವೈದ್ಯನಿಗೂ ತೋರಿಸಿದಳು. ಕಾಲ ಮೀರಿದೆ, ಕತ್ತರಿಸಿ ಫಲವಿಲ್ಲ ಎಂದ ಆತ. 1865ರ ಗಂಟೂ ಈ ಗಡ್ಡೆಯೂ ಒಂದೇ ಎಂದು ಇಂದಿನ ವೈದ್ಯರು ಒಮ್ಮೆಗೇ ಹೇಳಲಾರರು, ಮೇಜಿನ ಏಟಿನಿಂದ ಕ್ಯಾನ್ಸರ್ ಬರುತ್ತದೆ ಎಂಬುದನ್ನಂತೂ ಒಪ್ಪುವುದಿಲ್ಲ. ಕೇಳಿದಾಗ ಸಿಗಬೇಕಾದ್ದು ಆಕೆಗೆ ಸಿಗಲಿಲ್ಲ ಎಂಬುದು ಇದರಿಂದ ಬದಲಾಗುವುದಿಲ್ಲ.

ಆಮೇಲಿನ ಎಂಟು ತಿಂಗಳಲ್ಲಿ ಆಕೆಯನ್ನು ಬದುಕಿಗೆ ಬಿಗಿಯಾಗಿ ಹಿಡಿದದ್ದು ಮೂರನೆಯ ಮಗಳು ಲಿಯೋನಿ. ಕಲಿಕೆಯಲ್ಲಿ ಹಿಂದೆ, ಮೈತುಂಬ ಚರ್ಮರೋಗ, ಹಟಮಾರಿ. ಕನ್ಯಾಸ್ತ್ರೀಯಾಗಿದ್ದ ದೊಡ್ಡಮ್ಮನ, ಅಂದರೆ ಝೇಲಿಯ ಅಕ್ಕನ, ಮಠದ ಶಾಲೆಯೂ ಅವಳನ್ನು ಇಟ್ಟುಕೊಳ್ಳಲಾರದೆ ವಾಪಸು ಕಳಿಸಿತ್ತು. ಆ ಅಕ್ಕ 1877ರ ಆರಂಭದಲ್ಲಿ ಕ್ಷಯದಿಂದ ಸಾಯುವ ಹಂತದಲ್ಲಿದ್ದಾಗ ಝೇಲಿ ಅವಳಿಗೆ ಒಪ್ಪಿಸಿದ ಸಂದೇಶ ನನಗೆ ಬಹಳ ಪ್ರಿಯವಾದದ್ದು. ನೀನು ಪರಲೋಕ ಸೇರಿದೊಡನೆ ಮಾತೆ ಮರಿಯಮ್ಮನನ್ನು ಹುಡುಕಿ ಹೇಳು, ನನ್ನ ತಂಗಿಗೆ ಈ ಲಿಯೋನಿಯನ್ನು ಕೊಟ್ಟು ಮೋಸ ಮಾಡಿದೆ, ಅವಳು ಬೇಡಿದ್ದು ಇಂಥ ಮಗುವನ್ನಲ್ಲ, ಈಗ ನೀನೇ ಸರಿಪಡಿಸಬೇಕು ಎಂದು. ದಾಸರ ನಿಂದಾಸ್ತುತಿ ಕೇಳಿ ಬೆಳೆದ ಕನ್ನಡಿಗರಿಗೆ ಈ ಧಾಟಿಯನ್ನು ಬಿಡಿಸಿ ಹೇಳಬೇಕಿಲ್ಲ. ಇಷ್ಟದೈವದೊಡನೆ ಜಗಳಕ್ಕೆ ನಿಲ್ಲುವ ಸಲುಗೆ ಗಾಢ ಭಕ್ತರಿಗೇ ಇರುವಂಥದ್ದು. ಕೆಲವೇ ವಾರಗಳಲ್ಲಿ, ಮನೆಗೆಲಸದವಳು ಲಿಯೋನಿಯನ್ನು ಬಹುಕಾಲದಿಂದ ಬೆದರಿಸಿ ಹಿಂಸಿಸಿ ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡಿದ್ದಳೆಂಬುದು ಬಯಲಾಯಿತು. ಝೇಲಿ ಮಗಳನ್ನು ಅವಳಿಂದ ಬಿಡಿಸಿ ತನ್ನ ಪಕ್ಕದಲ್ಲೇ ಇರಿಸಿಕೊಂಡಳು. ಅಲ್ಲಿಂದ ಮುಂದಿನ ಪತ್ರಗಳಲ್ಲಿ ಬದುಕಬೇಕೆಂಬ ಆಸೆ ಬಾಯಿಬಿಟ್ಟು ಮಾತಾಡುತ್ತದೆ: ಈ ಮಗಳಿಗೆ ನಾನು ಬೇಕು.

ಜೂನಿನಲ್ಲಿ ಮೂವರು ಹಿರಿಯ ಹೆಣ್ಣುಮಕ್ಕಳೊಂದಿಗೆ ಲೂರ್ದು ಯಾತ್ರೆಗೆ ಹೋದಳು. ಅಲ್ಲಿ ಬರ್ನಡೆಟ್ ಎಂಬ ಹುಡುಗಿಗೆ ಮಾತೆಯ ದರ್ಶನವಾಗಿ, ಝೇಲಿಯ ಮದುವೆಯೂ ಆಗಿ, ಹತ್ತೊಂಬತ್ತು ವರ್ಷಗಳಾಗಿದ್ದವು. ಪ್ರಯಾಣ ಪೂರ ಸಂಕಟ. ಬುತ್ತಿಯ ಮೇಲೆ ಕಾಫಿ ಚೆಲ್ಲಿತು, ಅಕ್ಕನ ನೆನಪಿನ ಜಪಸರ ಕಳೆಯಿತು, ಆಕೆ ಬಿದ್ದು ಕತ್ತು ಉಳುಕಿಸಿಕೊಂಡಳು. ಮಂಜುಗಡ್ಡೆಯಂಥ ನೀರಿನಲ್ಲಿ ನಾಲ್ಕು ಸಲ ಮುಳುಗಿದರೂ ಗುಣವಾಗಲಿಲ್ಲ. ಇದನ್ನೆಲ್ಲ ಒಂದನ್ನೂ ಮರೆಮಾಚದೆ ಬರೆದಿದ್ದಾಳೆ. ಮರಳಿ ಬಂದಾಗ ನಗುಮುಖದಿಂದಿದ್ದಳು, ಗಂಡನಿಗೆ ಅಚ್ಚರಿಯಾಯಿತು. ಈ ಲೋಕದಲ್ಲಲ್ಲ, ಮುಂದಿನ ಲೋಕದಲ್ಲಿ ಸುಖ ಎಂದು ಬರ್ನಡೆಟ್‌ಗೆ ಮಾತೆ ಹೇಳಿದ್ದನ್ನು ತನಗೆ ಹೇಳಿದಂತೆಯೇ ಸ್ವೀಕರಿಸಿದಳು. ಒಪ್ಪಿಗೆ ಬಂದದ್ದು ಹೌದು. ಆದರೆ ಅದು ಪ್ಯಾರಿಸ್, ಅಲಾನ್ಸೋನ್, ಲಿಸಿಯೂ, ಲೂರ್ದು, ತಟ್ಟಬಹುದಾದ ಬಾಗಿಲನ್ನೆಲ್ಲ ತಟ್ಟಿ ಮುಗಿದ ಮೇಲೆ ಬಂದ ಒಪ್ಪಿಗೆ. ಬಾಗಿಲು ತಟ್ಟುವ ಮೊದಲೇ ಹೆಂಗಸರಿಂದ ಬೇಡುವ ಒಪ್ಪಿಗೆಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಆಗಸ್ಟಿನಲ್ಲಿ ನೋವು ವಿಪರೀತಕ್ಕೆ ಹೋಯಿತು. 26ರಂದು ಅಂತಿಮ ಸಂಸ್ಕಾರ, 27ರ ಸಂಜೆ ತಮ್ಮ ಹೆಂಡತಿಯೊಂದಿಗೆ ಬಂದ, ಅದೇ ರಾತ್ರಿ ಸಾವು. ನವೆಂಬರಿನಲ್ಲಿ ಲೂಯಿ ಮಕ್ಕಳನ್ನು ಕರೆದುಕೊಂಡು ಲಿಸಿಯೂವಿಗೆ ಹೋಗಿ ನೆಲೆಸಿದ. ಐವರೂ ಕನ್ಯಾಸ್ತ್ರೀಯರಾದರು. ಹಲವು ಸಲ ಮಠಗಳಿಂದ ಹಿಂದಿರುಗಿದ ಲಿಯೋನಿ ಕೊನೆಗೆ 1899ರಲ್ಲಿ ಕಾನ್ ಎಂಬ ಊರಿನ ಮಠದಲ್ಲಿ ನೆಲೆ ಕಂಡಳು. ಅವಳನ್ನೂ ಸಂತಳೆಂದು ಸಾರುವ ಪ್ರಕ್ರಿಯೆ 2015ರಲ್ಲಿ ಆರಂಭವಾಗಿದೆ.

ಸಂತರನ್ನು ನುಣುಪಾಗಿಸುವ ಕೆಲಸ ಎಷ್ಟು ಪ್ರೀತಿಯಿಂದ ನಡೆಯುತ್ತದೆಂಬುದಕ್ಕೆ ಈ ಮನೆಯೇ ನಿದರ್ಶನ. ತೆರೇಸಳ ಆತ್ಮಕಥೆಯನ್ನು 1898ರಲ್ಲಿ ಅಕ್ಕ ಪೌಲೀನ್ ಬಹಳಷ್ಟು ತಿದ್ದಿ ಪ್ರಕಟಿಸಿದಳು. ತೆರೇಸಳ ಕೈಬರಹದಂತೆಯೇ ಮೂಲ ಪಠ್ಯ ಹೊರಬಂದದ್ದು 1956ರಲ್ಲಿ. ಇನ್ನೊಬ್ಬ ಅಕ್ಕ ಸೆಲಿನ್ ತಾನು ತೆಗೆದ ತಂಗಿಯ ಫೋಟೋಗಳಿಗೂ ಸೌಮ್ಯವಾಗಿ ಕಾಣುವಂತೆ ಬಣ್ಣದ ಕುಂಚ ತಾಗಿಸಿದಳು. ಯಾರಲ್ಲೂ ಕೇಡಿನ ಮನಸ್ಸಿರಲಿಲ್ಲ. ಸಂತಳೆಂದರೆ ಹೀಗಿರಬೇಕೆಂದು ಅವರಿಗೆ ಅನಿಸಿತ್ತು. ಝೇಲಿಯ ಅದೃಷ್ಟವೆಂದರೆ ಆಕೆಯ ಪತ್ರಗಳು ಆಕೆಯ ದನಿಯಲ್ಲೇ ಉಳಿದವು. ನನಗೂ ಸಂತಳಾಗುವ ಆಸೆಯಿದೆ, ಆದರೆ ಕಡಿಯಬೇಕಾದ ಮರ ಬಹಳ, ಅದು ಕಲ್ಲಿನಷ್ಟು ಗಟ್ಟಿ, ಮೊದಲೇ ಶುರು ಮಾಡಬೇಕಿತ್ತು ಎಂದು 1873ರಲ್ಲಿ ಹೆಣ್ಣುಮಕ್ಕಳಿಗೆ ಬರೆದಿದ್ದಳು. ಆ ಮಾತಿನ ಒರಟುತನವನ್ನು ಉಜ್ಜಿ ತೆಗೆದರೆ ಉಳಿಯುವವಳು ಝೇಲಿಯಲ್ಲ, ಬೇರೆ ಯಾರೋ.

ಪ್ರತಿ ವರ್ಷ ಜುಲೈ 12ರಂದು ಈ ದಂಪತಿಯ ಸ್ಮರಣೆಯ ಹಬ್ಬ. ಅಂದು ಆಕೆಯ ತಾಳ್ಮೆಯ ಬಗ್ಗೆ ಪ್ರವಚನ ಮಾಡುವವರು ಮಾಡಲಿ. ಅದಕ್ಕೆ ಮೊದಲು 1865ರ ಏಪ್ರಿಲಿನ ಆ ಪತ್ರವನ್ನು ಪೀಠದಿಂದ ಓದಲಿ, ಎದೆಯ ಗಂಟು, ವೈದ್ಯರಲ್ಲಿಲ್ಲದ ವಿಶ್ವಾಸ, ಚಾಕುವಿಗೂ ತಾನು ಸಿದ್ಧ ಎಂಬ ಮಾತು, ಯಾವುದನ್ನೂ ಬಿಡದೆ. ಕೇಳುತ್ತ ಕೂತ ಹೆಂಗಸರಲ್ಲಿ ಗಂಟೊಂದನ್ನು ಯಾರಿಗೂ ಹೇಳದೆ ಬಂದವಳು ಇರಬಹುದು. ದೇವರ ಮನೆಯಲ್ಲಿ ಆ ಮಾತು ಎತ್ತಬಹುದೆಂದು ಅವಳಿಗೂ, ಪಕ್ಕದಲ್ಲಿ ಕೂತ ಅವಳ ಗಂಡನಿಗೂ ಅಂದು ತಿಳಿಯುತ್ತದೆ.